ಪಕ್ಕದ್ಮನೆ ಮಂತ್ರಿಗಿರಿ

ಬಾಗ್ಲು ಸಾತ್ಕೊಂಡು, ಮೆಲ್ಲಗೆ ಓದಿ. ನಾನು ಹೇಳಿದ್ದು ನಮ್ಮೂರು ಎಡಪ್ಪಾಡಿ ದಾಟಿ ಓಗಬಾರದು. ಎಡಪ್ಪಾಡಿ ಒಳಗೆ ಪರವಾಗಿಲ್ಲ, ಅಲ್ಲಿ ಎಲ್ಲಾರಿಗೂ ಆಗ್ಲೇ ಹೇಳಿ ಆಗೈತೆ. ನಮ್ಮ ನೇಕಾರರ ಬೀದೀಲಿ ಮಗ್ಗ ನಿಂತ್ರೂ ಇಂಥ ಮಾತು ನಿಲ್ಲಲ್ಲ.

೧. ಮಾಟ ಮಾಡದ ಮಂತ್ರಿ

ನಮ್ಮ ಕುಲದಾಗೆ ಯಜಮಾನ ಅಂತ ಒಬ್ಬ, ಅವನ ಪಕ್ಕ ಮಂತ್ರಿ ಅಂತ ಒಬ್ಬ. ನ್ಯಾಯ ಆಗಲಿ, ನಿಶ್ಚಯ ಆಗಲಿ, ಮಂತ್ರಿ ಬಾಯಿಗೆ ಟವಲ್ ಅಡ್ಡ ಇಟ್ಟು ಯಜಮಾನನ ಕಿವೀಲಿ ಊದಬೇಕು. ಆಮೇಲೇ ಯಜಮಾನ ಬಾಯಿ ಬಿಡೋದು. ನಾನು ಓದಿದ್ದು ಎರಡನೇ ಕ್ಲಾಸು. ಮಂತ್ರಿ ಅಂದ್ರೆ ಮಾಟ ಮಾಡೋನು ಅಂದ್ಕೊಂಡು ಅವರ ಮನೇಲಿ ನೀರೇ ಕುಡಿದವಳಲ್ಲ. ಮೊನ್ನೆ ಗುಡಿ ಪೂಜಾರಿ ಬಿಡಿಸಿ ಹೇಳಿದ: "ಅಜ್ಜೀ, ಮಂತ್ರ ಅಂದ್ರೆ ಬರೀ ದೇವರದ್ದಲ್ಲ. ಯೋಚಿಸಿ ಗುಟ್ಟಾಗಿ ಹೇಳೋ ಬುದ್ಧಿಮಾತಿಗೂ ಹಳೇ ಕಾಲದಾಗೆ ಮಂತ್ರ ಅನ್ನೋರು. ಅದನ್ನ ಹೇಳೋನು ಮಂತ್ರಿ. ಚೆನ್ನೈಲಿ ಕಾರಾಗೆ ಓಗೋ ಮಂತ್ರಿಗೂ ಇದೇ ಬೇರು."

"ಗುಟ್ಟಾಗಿ ಹೇಳಬೇಕಾ? ಹಾಗಾದ್ರೆ ನಮ್ಮ ಮಂತ್ರಿನ ಇವತ್ತೇ ತೆಗೀರಿ" ಅಂದೆ.

೨. ಓಮಲೂರಿನ ಪಾಯಸ

ಯಾಕಂದ್ರೆ ನಮ್ಮ ಮಂತ್ರಿಗೆ ಕಿವಿ ಮಂದ. ತನಗೆ ಕೇಳಿಸಿದ್ರೇ ಯಜಮಾನನಿಗೂ ಕೇಳಿಸ್ತು ಅಂತ ಅವನ ನಂಬಿಕೆ. ಓಮಲೂರಲ್ಲಿ ಒಂದು ಮದುವೆ ನಿಶ್ಚಯ, ನಮ್ಮೋರು ಗಂಡಿನ ಕಡೆ. ಟವಲ್ ಅಡ್ಡ ಇಟ್ಟು ಗುಟ್ಟು ಹೇಳಿದ, ಬೀದಿ ಕೊನೆ ಟೀ ಅಂಗಡಿಗೂ ಕೇಳಿಸ್ತು: "ಹೆಣ್ಣು ಲಕ್ಷಣ, ಅವಳವ್ವ ಬಜಾರಿ. ಊಟ ಮುಗಿಸ್ಕೊಂಡು ಆಮೇಲೆ ಬೇಡ ಅನ್ನು!"

ಹೆಣ್ಣಿನವ್ವ ಸೌಟು ಹಿಡ್ಕೊಂಡೇ ಬಂದ್ಲು. "ಈಗ್ಲೇ ಬೇಡ ಅನ್ನು ಲಾ, ಪಾಯಸನಾದ್ರೂ ಮಿಗ್ಲಿ!"

೩. ಪೇಟದೊಳಗಿನ ಹೆಂಡ್ತಿ

ಆ ಕಿವಿ ಮಂದದ ಮಂತ್ರಿ ಕೆಲಸ ಬಿಟ್ಟು ಮನೆ ಸೇರಿದ, ಆ ಜಾಗ ನಮ್ಮ ಪಕ್ಕದ್ಮನೆಯವಳ ಗಂಡನಿಗೆ ಬಂತು. ಅವನೋ, ಸೀಬೆಕಾಯಿ ಕೊಳ್ಳೋಕೂ ಹೆಂಡ್ತಿ ಮುಖ ನೋಡೋನು. ಒಂದು ನ್ಯಾಯ ಕೆಟ್ರೂ ಮಂತ್ರಿಗಿರಿ ಓಗುತ್ತೆ ಅಂತ ಅವಳಿಗೆ ಅನ್ನ ಇಳೀತಿಲ್ಲ. ಗಂಡನ ಪೇಟದೊಳಗೆ ಕಿವಿಗೆ ಬ್ಲೂಟೂತ್ ಸಿಕ್ಕಿಸಿ ಕಳಿಸಿದ್ಲು. ಇವಳು ಮನೇಲಿ ಕೂತು ಫೋನಾಗೆ ಹೇಳೋದು, ಅವನು ಅಲ್ಲಿ ಯಜಮಾನನ ಕಿವೀಲಿ ಊದೋದು.

ಅವತ್ತು ಅಣ್ಣತಮ್ಮಂದಿರ ನ್ಯಾಯ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ, ಮಾತು ಬಿಟ್ಟು ಯಾವ ಕಾಲವೋ ಆಗಿತ್ತು. ಅದೇ ಹೊತ್ತಿಗೆ ನಾನು ಮೊಸರಿಗೆ ಹೆಪ್ಪು ಕೇಳೋ ನೆಪದಾಗೆ ಇವಳ ಮನೆಗೆ ಓಗಿದ್ದೆ. ಇವಳು ಫೋನ್ ಬಾಯಿಗಿಟ್ಕೊಂಡೇ ಸೊಸೆಗೆ ಕೂಗಿದ್ಲು: "ಬಂತು ನೋಡು ಪಕ್ಕದ್ಮನೆ! ಒಂದು ಲೋಟ ಕಾಪಿ ಕೊಟ್ಟು ಕಳ್ಸು, ಇಲ್ದಿದ್ರೆ ಪ್ರಾಣ ತೆಗೆಯುತ್ತೆ."

ಅಲ್ಲಿ ಗಂಡ ಚಾಚೂ ತಪ್ಪದೆ ಊದಿದ. ಯಜಮಾನ ಎದ್ದು ತೀರ್ಪು ಕೊಟ್ಟ: "ಪಕ್ಕದ್ಮನೆ ಬಂದ್ರೆ ಒಂದು ಲೋಟ ಕಾಪಿ ಕೊಟ್ಟು ಕಳಿಸಬೇಕು, ಇಲ್ದಿದ್ರೆ ಪ್ರಾಣ ಓಗುತ್ತೆ. ಅವ್ಳೋದಾನ್, ಅಷ್ಟೇ, ಮುಗೀತು!"

ಅಣ್ಣತಮ್ಮ ಇಬ್ಬರೂ ಗೋಳೋ ಅಂತ ಅತ್ತು ತಬ್ಬಿಕೊಂಡ್ರು.

ಇಂಥಾ ಫೋನ್ ಗುಟ್ಟು ನನ್ನ ಹೊಟ್ಟೇಲಿ ನಿಲ್ಲುತ್ತಾ? ಯಜಮಾನನ ಹೆಂಡ್ತಿಗೆ ಮಾತ್ರ ಹೇಳಿದೆ. ಕೊಳಾಯಿ ಹತ್ರ ಸುಮ್ನೆ ಒಂದ್ಸಲ. ಸಂಜೆಗೆ ಯಜಮಾನನೇ ಪಕ್ಕದ್ಮನೆಗೆ ಬಂದ. ಓಯ್ತು ಮಂತ್ರಿಗಿರಿ ಅಂತ ಗೋಡೆಗೆ ಕಿವಿ ಇಟ್ಟೆ. ಅವನಂದ: "ತಾಯೀ, ನಡುವೆ ಫೋನ್ ಯಾಕೆ? ಇನ್ಮೇಲೆ ನೀನೇ ಬಂದು ಕೂತ್ಕೊ."

ಮಾರನೇ ದಿನ ಅವಳು ನನ್ನ ಮುಖಕ್ಕೇ ಹೇಳಿದ್ಲು: "ನಿನ್ ಬಾಯಿಂದ ನಂಗೆ ಮಂತ್ರಿ ಪಟ್ಟ ಸಿಕ್ತು ಕಣಕ್ಕಾ. ಡಂಗುರ ಸಾರೋ ಜಾಗ ಖಾಲಿ ಐತೆ, ನೀನೂ ಬಂದು ಸೇರ್ಕೊ. ನಿಂಗಾದ್ರೆ ತಮಟೆನೂ ಬೇಡ."