ಬೀಗರೂ ಲಿಂಬೆಹಣ್ಣೂ

ಐವತ್ತು ದಾಟಿದ ಗಂಡಸಿನ ಬಾಯಿಂದ ‘ನನಗೆ ಗೊತ್ತಿಲ್ಲ’ ಎಂಬ ಮಾತು ಹೊರಡಿಸುವುದು ಬತ್ತಿದ ಬೋರಿನಿಂದ ನೀರು ಎತ್ತಿದಷ್ಟೇ ಕಷ್ಟ. ನಮ್ಮ ವಿಜಯಪುರದಲ್ಲಂತೂ ಆ ಮಾತು ಕೇಳಿದ ನೆನಪೇ ನನಗಿಲ್ಲ. ಪರವೂರಿನವರು ದಾರಿ ಕೇಳಿದರೆ, ಆ ದಾರಿ ಹುಟ್ಟಿದಾಗಿನಿಂದ ಕಾಣದವನೂ ಕೈಯೆತ್ತಿ ‘ಹಿಂಗ ಸೀದಾ ಹೋಗ್ರಿ’ ಎನ್ನುತ್ತಾನೆ. ಸೀದಾ ಹೋದವರು ಎಲ್ಲಿ ಮುಟ್ಟಿದರು ಎಂದು ಯಾರೂ ಬೆನ್ನು ಹತ್ತಿ ನೋಡುವುದಿಲ್ಲ. ನನ್ನ ಸ್ಥಿತಿ ಇನ್ನೂ ಬಿಗಿ. ಗೋಳಗುಮ್ಮಟದ ಹತ್ತಿರ ನನ್ನದೊಂದು ಸ್ಟೀಲ್ ಪಾತ್ರೆ-ಬಾಂಡೆ ಅಂಗಡಿ. ಪ್ರವಾಸಕ್ಕೆ ಬಂದ ಮಂದಿ ಬಾಂಡೆ ಕೊಳ್ಳುವುದಿಲ್ಲ, ನೆರಳಿಗೆ ನಿಂತು ಪ್ರಶ್ನೆ ಕೇಳುತ್ತಾರೆ. ಗುಮ್ಮಟದ ಗಾರೆಗೆ ಏನು ಕಲೆಸಿದ್ದರು ಎಂದು ಒಬ್ಬರು ಕೇಳಿದರು. ಬೆಲ್ಲ ಎಂದೆ. ಮರುದಿನ ಇನ್ನೊಬ್ಬರು ಅದನ್ನೇ ಕೇಳಿದರು. ಒಂದೇ ಉತ್ತರ ಎಷ್ಟು ಸಲ ಕೊಡುವುದು ಎಂದು ಬೇಸರವಾಗಿ ಉದ್ದಿನಬೇಳೆ ಎಂದೆ. ಇಬ್ಬರೂ ಭಕ್ತಿಯಿಂದ ತಲೆಯಾಡಿಸಿದರು. ಹೀಗೆ ತಲೆಯಾಡಿಸುವವರನ್ನು ನೋಡಿ ನೋಡಿ ನಾನು ಎಲ್ಲ ಬಲ್ಲವನು ಎಂದು ನನಗೇ ನಂಬಿಕೆ ಬಂದುಬಿಟ್ಟಿತ್ತು. ಆ ನಂಬಿಕೆ ಒಂದು ಲಿಂಬೆಹಣ್ಣಿನ ದೆಸೆಯಿಂದ ಮಗನ ಮದುವೆಯನ್ನೇ ಮುರಿಯುವ ಮಟ್ಟಕ್ಕೆ ಬಂತು.

ಮಗ ಪ್ರಶಾಂತ ಹನಿ ನೀರಾವರಿಯ ಪೈಪು ಮಾರುತ್ತಾನೆ. ಪೈಪಿನ ನೆಪದಲ್ಲಿ ಟಿಕೋಟಾದ ದ್ರಾಕ್ಷಿ ತೋಟಗಳಲ್ಲೆಲ್ಲ ಓಡಾಡಿ, ಗುರುಪಾದಪ್ಪ ಎಂಬ ರೈತರ ತೋಟದಲ್ಲಿ ಪೈಪಿನ ಜೊತೆಗೆ ಮನಸ್ಸನ್ನೂ ಜೋಡಿಸಿ ಬಂದ. ಅವರ ಮಗಳು ಸವಿತಾ. ಎರಡೂ ಮನೆಯವರು ಕೂತು ಮಾತಾಡಿದೆವು, ಸಕ್ಕರೆ ಹಂಚಿದೆವು, ಮದುವೆಯ ಜವಳಿ ತೆಗೆಯಲು ದಿನ ಗೊತ್ತು ಮಾಡಿದೆವು. ಹುಡುಗಿ ನಮ್ಮ ಮನೆಯಾಕೆಗೆ ಎಷ್ಟು ಹಿಡಿಸಿದಳೆಂದರೆ, ಇದ್ದೊಬ್ಬ ಮಗನನ್ನು ಅವರ ಮನೆಗೇ ಕೊಟ್ಟು ಹುಡುಗಿಯನ್ನು ತಂದುಕೊಳ್ಳಲೂ ಆಕೆ ತಯಾರಿದ್ದಳು. ನನಗೂ ಹುಡುಗಿ ಮೆಚ್ಚಿಗೆಯಾಗಿದ್ದಳು. ಅದೇ ಖುಷಿಯಲ್ಲಿ ಮಗ ಮೊಬೈಲಿನಲ್ಲಿ ‘ಬೀಗರ ಬಳಗ’ ಎಂದು ಒಂದು ವಾಟ್ಸಾಪ್ ಗುಂಪು ಮಾಡಿದ. ದಿನಾ ಬೆಳಿಗ್ಗೆ ಗುರುಪಾದಪ್ಪನವರು ಗುಲಾಬಿ ಹೂವಿನ ಚಿತ್ರ ಕಳಿಸುವರು, ನಾನು ದಾಸವಾಳ ಕಳಿಸುವೆ. ಎದುರಾಬದುರು ಕೂತಾಗ ಹೂವಿನ ಸುದ್ದಿಯನ್ನೇ ಎತ್ತದ ಇಬ್ಬರು ಗಂಡಸರು ಮೊಬೈಲಿನಲ್ಲಿ ಹೂವಾಡಗಿತ್ತಿಯರಾಗಿದ್ದೆವು.

ಹೀಗಿರುವಾಗ ಬಬಲೇಶ್ವರದಲ್ಲಿರುವ ನನ್ನ ನಾದಿನಿ ಮಹಾದೇವಿ ಎಲ್ಲಿಂದಲೋ ಬಂದ ಒಂದು ಒಗಟನ್ನು ಆ ಗುಂಪಿಗೆ ಎಸೆದಳು. ಚಿತ್ರದಲ್ಲಿ ಕಲ್ಲಂಗಡಿ, ದ್ರಾಕ್ಷಿ, ಬದನೆಕಾಯಿ, ಲಿಂಬೆಹಣ್ಣು. ನೀರಿಗೆ ಹಾಕಿದರೆ ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ, ಬುದ್ಧಿವಂತರು ಮಾತ್ರ ಉತ್ತರಿಸಿ ಎಂದು ಕೆಳಗೆ ಬರೆದಿತ್ತು. ಬುದ್ಧಿವಂತರು ಎಂದ ಮೇಲೆ ನನ್ನನ್ನೇ ಕರೆದಂತಾಯಿತಲ್ಲ. ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು ಉತ್ತರ ಒತ್ತಿದೆ. ಕಲ್ಲಂಗಡಿ ಭಾರ, ಮುಳುಗುತ್ತದೆ. ಬದನೆಕಾಯಿ ಮುಳುಗುತ್ತದೆ. ದ್ರಾಕ್ಷಿ ಹಗುರ, ತೇಲುತ್ತದೆ. ಲಿಂಬೆಹಣ್ಣು ತೇಲುತ್ತದೆ. ಸ್ವಲ್ಪ ಹೊತ್ತಿಗೆ ಗುರುಪಾದಪ್ಪನವರ ಉತ್ತರ ಬಂತು. ಕಲ್ಲಂಗಡಿ ತೇಲುತ್ತದೆ, ಬದನೆಕಾಯಿ ತೇಲುತ್ತದೆ, ದ್ರಾಕ್ಷಿ ಮುಳುಗುತ್ತದೆ, ಲಿಂಬೆಹಣ್ಣು ಮುಳುಗುತ್ತದೆ. ಒಂದೂ ನನ್ನದಕ್ಕೆ ಕೂಡಲಿಲ್ಲ. ಬೀಗರು ಬೇಕೆಂತಲೇ ನನ್ನ ಉತ್ತರ ತಿರುವಿ ಹಾಕಿ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಬೀಗರೆಂದರೆ ಚೇಷ್ಟೆ ಇರಬೇಕಾದದ್ದೇ.

ಸಂಜೆ ಅಂಗಡಿಯಿಂದ ಬರುವಾಗ ಒಂದು ಕಲ್ಲಂಗಡಿ, ಒಂದು ಗೊಂಚಲು ದ್ರಾಕ್ಷಿ ತಂದೆ. ಬಾಂಡೆ ವ್ಯಾಪಾರಿಯ ಮನೆಯಲ್ಲಿ ನೀರು ತುಂಬುವ ಪಾತ್ರೆಗೇನು ಬರ. ಹಂಡೆ ತುಂಬಿಸಿ ಕಲ್ಲಂಗಡಿ ಬಿಟ್ಟೆ. ಅದು ಒಮ್ಮೆ ಒಳಗೆ ಹೋಗಿ, ಏನೋ ಮರೆತವರ ಹಾಗೆ ಮೇಲೆ ಬಂದು, ಆರಾಮಾಗಿ ಹೊರಳಾಡತೊಡಗಿತು. ಕೆಳಗೆ ಒತ್ತಿದೆ. ಮತ್ತೆ ಬಂತು. ದ್ರಾಕ್ಷಿ ಹಾಕಿದೆ. ಒಂದು ಗುಲಗಂಜಿಯಷ್ಟು ತೂಕವಿಲ್ಲದ ಆ ಹಣ್ಣು ಸೀದಾ ತಳ ಕಂಡಿತು. ಅಡುಗೆಮನೆಯಿಂದ ಬದನೆಕಾಯಿ ತಂದೆ. ಅದೂ ತೇಲಿ ತನ್ನ ತೊಟ್ಟು ಅಲ್ಲಾಡಿಸಿತು. ನಮ್ಮ ಮನೆಯಾಕೆ ಕಸ್ತೂರಿ ಬಾಗಿಲಲ್ಲಿ ನಿಂತಿದ್ದಳು. “ಎಣ್ಣಿಗಾಯಿ ಮಾಡಬೇಕಂತ ಇಟ್ಟಿದ್ದೆ. ನೀವು ಅದಕ ಜಳಕಾ ಮಾಡಿಸಾಕತ್ತೀರಿ” ಎಂದಳು. ಇಷ್ಟು ವರ್ಷ ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ ಎಂದು ನಂಬಿ, ಅದೇ ಕಾರಣಕ್ಕೆ ನನ್ನ ಮೈಯನ್ನು ಯಾವ ಬಾವಿಯ ಸಮೀಪಕ್ಕೂ ಒಯ್ಯದೆ ಬದುಕಿದವನು ನಾನು.

ಕೊನೆಗೆ ಫ್ರಿಜ್ಜಿನ ಮೂಲೆಯಿಂದ ಒಂದು ಲಿಂಬೆಹಣ್ಣು ತೆಗೆದೆ. ತಳ್ಳುಗಾಡಿಯಲ್ಲಿ ಕೊಂಡು ತಂದು ಎಷ್ಟು ದಿನವಾಗಿತ್ತೋ. ದೇವರ ಹೆಸರು ಹೇಳಿ ನೀರಿಗೆ ಬಿಟ್ಟೆ. ತೇಲಿತು. ನಾಲ್ಕರಲ್ಲಿ ಮೂರು ಹೋಗಿತ್ತು, ನನ್ನ ಮಾನ ಉಳಿಸಲು ಉಳಿದದ್ದು ಅದೊಂದೇ ಹಣ್ಣು. ಅದನ್ನು ನಾನು ಹೇಗೆ ಬಿಟ್ಟುಕೊಡಲಿ, ನೀವೇ ಹೇಳಿ. ಕಲ್ಲಂಗಡಿಯ ಸುದ್ದಿ ಎತ್ತದೆ, ಬದನೆಕಾಯಿಯ ಸುದ್ದಿ ಎತ್ತದೆ, ಲಿಂಬೆಹಣ್ಣಿನ ವಿಡಿಯೋ ಒಂದನ್ನೇ ಮಾಡಿ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಬರೆದು ಗುಂಪಿಗೆ ಕಳಿಸಿದೆ.

ಮರುದಿನ ಗುಲಾಬಿಯ ಬದಲು ಬೀಗರಿಂದ ವಿಡಿಯೋ ಬಂತು. ತೋಟದ ಬಕೆಟ್ಟು, ಅವರದೇ ಗಿಡದ ಲಿಂಬೆಹಣ್ಣು. ಕಲ್ಲು ಬಿದ್ದ ಹಾಗೆ ಮುಳುಗಿತು. ಹಿಂದಿನಿಂದ ಅವರ ದನಿ: “ನೋಡ್ರಿ ಬೀಗರ, ಮುಳುಗಿತು. ಇನ್ನೊಂದ ಹಾಕ್ತೀನಿ ನೋಡ್ರಿ. ಇದೂ ಮುಳುಗಿತು.” ಇಲ್ಲಿ ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನಮ್ಮ ವಂಶದಲ್ಲೇ ಇಲ್ಲ. ‘ಕೈಲೆ ಒತ್ತಿ ಬಿಟ್ಟಂಗ ಕಾಣತೈತಿ’ ಎಂದು ಬರೆದೆ. ಬೀಗರು ‘ನಿಮ್ಮ ಲಿಂಬಿಹಣ್ಣ ಪ್ಲಾಸ್ಟಿಕ್ಕಿಂದ ಏನ್ರಿ’ ಎಂದು ಕೇಳಿದರು. ನಾನು ‘ಸುಳ್ಳು ಹೇಳೂ ಮನಿತನ ನಮ್ದಲ್ಲ’ ಎಂದೆ. ಅವರು ‘ಹಂಗಾರ ಯಾರ ಮನಿತನ ಅಂತೀರಿ’ ಎಂದರು. ನಾದಿನಿ ಕೈಮುಗಿಯುವ ಚಿತ್ರಗಳನ್ನು ಸಾಲುಸಾಲಾಗಿ ಕಳಿಸಿದಳು. ಮರುದಿನ ಗುಲಾಬಿ ಇಲ್ಲ. ನಾನೂ ದಾಸವಾಳ ಹಿಡಿದಿಟ್ಟೆ. ಮೂರನೆಯ ದಿನ ಗುರುಪಾದಪ್ಪನವರೇ ನೇರ ಕಸ್ತೂರಿಗೆ ಫೋನು ಮಾಡಿ, “ತ್ವಾಟದಾಗ ಕೆಲಸಾ ಭಾಳ ಐತ್ರಿ ಅಕ್ಕಾರ. ಜವಳಿ ತೆಗಿಯೂದು ಸ್ವಲ್ಪ ಮುಂದ ಹಾಕೂಣ್ರಿ” ಎಂದರು.

ಕಸ್ತೂರಿ ಫೋನು ಇಟ್ಟು ನನ್ನ ಕಡೆ ತಿರುಗಿದಳು. “ನಿಮ್ಮ ಲಿಂಬಿಹಣ್ಣ ತೇಲಿತು. ಮಗನ ಮದವಿ ಮುಳುಗಾಕತ್ತೈತಿ. ಎರಡೂ ನೋಡಿ ಸಮಾಧಾನ ಮಾಡ್ಕೋರಿ” ಎಂದಳು. ಮಗ ಊಟಕ್ಕೆ ಕೂತವನು ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಇಡುತ್ತಿದ್ದ. “ಅಪ್ಪಾ, ಮುಳುಗತೈತಿ ಅಂದಬಿಡು. ನಿನಗೇನ ಖರ್ಚ ಐತಿ?” ಎಂದ. ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನುವುದು ಹೇಗೆ ಎಂದು ನಾನು ಗುಡುಗಿದೆ. ಗುಡುಗಿದ್ದು ಹೊರಗೆ, ಒಳಗೆ ಹೆದರಿಕೆ ಹೊಕ್ಕಿತ್ತು. ವರದಕ್ಷಿಣೆಗೆ ಮುರಿದ ಮದುವೆ ಕೇಳಿದ್ದೇವೆ, ಜಾತಕಕ್ಕೆ ಮುರಿದದ್ದು ಕೇಳಿದ್ದೇವೆ. ಲಿಂಬೆಹಣ್ಣಿಗೆ ಮುರಿಯಿತು ಎಂದರೆ ಮಂದಿ ಮುಂದೆ ನಾನು ಯಾವ ಮುಖ ಹೊತ್ತು ತಿರುಗಲಿ? ಅದಕ್ಕಿಂತ ಹೆಚ್ಚಾಗಿ, ಆ ಹುಡುಗ ರೊಟ್ಟಿ ತಿನ್ನದೆ ಎದ್ದು ಹೋದದ್ದು ನನಗೆ ಸಹಿಸಲಾಗಲಿಲ್ಲ.

ಭಾನುವಾರ ಮೂವರೂ ಟಿಕೋಟಾಕ್ಕೆ ಹೊರಟೆವು. ರಾಜಿಯ ಗುರುತಿಗೆ ನನ್ನ ಅಂಗಡಿಯ ದೊಡ್ಡದೊಂದು ಸ್ಟೀಲ್ ಪಾತೇಲಿ ತೆಗೆದುಕೊಂಡೆ. ಲಿಂಬೆಹಣ್ಣಿನ ಹೆಸರೆತ್ತಿದರೆ ತಾನು ಅಲ್ಲಿಂದಲೇ ತವರಿಗೆ ಹೋಗುವುದಾಗಿ ಕಸ್ತೂರಿ ದಾರಿಯುದ್ದಕ್ಕೂ ಹೇಳಿದಳು. ನಾನು ಎಲ್ಲದಕ್ಕೂ ಹ್ಞೂಂ ಅಂದೆ. ಅಂಗಿಯ ಎರಡೂ ಕಿಸೆಯಲ್ಲಿ ನಮ್ಮ ಫ್ರಿಜ್ಜಿನ ಲಿಂಬೆಹಣ್ಣುಗಳಿದ್ದವು. ಹೆಸರೆತ್ತಬಾರದು ಎಂದಿದ್ದಳೇ ಹೊರತು ತರಬಾರದು ಎಂದಿರಲಿಲ್ಲ.

ಗುರುಪಾದಪ್ಪನವರು ಮರ್ಯಾದೆಯಿಂದಲೇ ಬರಮಾಡಿಕೊಂಡರು. ಮಳೆ, ದ್ರಾಕ್ಷಿ, ಒಣದ್ರಾಕ್ಷಿ ಶೆಡ್ಡು, ಎಲ್ಲ ಮಾತಾಡಿದೆವು. ಆಗ ಸವಿತಾ ಶರಬತ್ತು ತಂದಳು. ಚಂದ ಕಾಣಲೆಂದು ಪ್ರತಿ ಗ್ಲಾಸಿನಲ್ಲೂ ಒಂದೊಂದು ಲಿಂಬೆಯ ಹೋಳು. ಅದು ತೇಲುತ್ತಿತ್ತು. ನಾನು ಒಂದು ಮಾತೂ ಆಡಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಗ್ಲಾಸನ್ನು ಸ್ವಲ್ಪ ಮೇಲೆತ್ತಿ ಬೆಳಕಿಗೆ ಹಿಡಿದೆ, ಅಷ್ಟೇ. ಬೀಗರು ನನ್ನನ್ನು ನೋಡಿದರು, ಗ್ಲಾಸನ್ನು ನೋಡಿದರು. “ಸಕ್ಕರಿ ನೀರಿನ ಲೆಕ್ಕಾ ಬ್ಯಾರೆರಿ ಬೀಗರ” ಎಂದರು. “ಹಂಗಾರ ಸಾದಾ ನೀರಾಗ ನೋಡೂಣ್ರಿ” ಎಂದೆ. ಕಸ್ತೂರಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಂಗಳದಲ್ಲಿ ಪಾತೇಲಿ ಇಟ್ಟು ನೀರು ತುಂಬಿದರು. ನಾನು ಕಿಸೆ ಖಾಲಿ ಮಾಡಿದೆ. ನನ್ನವು ತೇಲಿದವು. ಬೀಗರು ಗಿಡದಿಂದ ಆಗಷ್ಟೇ ಹರಿದು ತಂದು ಹಾಕಿದರು. ಅವರವು ಮುಳುಗಿದವು. ಒಂದೇ ಪಾತೇಲಿ, ಒಂದೇ ನೀರು, ಮೇಲೆ ನನ್ನವು, ಕೆಳಗೆ ಅವರವು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಇಷ್ಟಕ್ಕೆ ಅಪ್ಪಿಕೊಂಡು ಮುಗಿಸಬಹುದಿತ್ತು. ಆದರೆ ಇಬ್ಬರೂ ಗೆದ್ದ ಪಂದ್ಯದಲ್ಲಿ ಏನು ರುಚಿ? ಬೀಗರು ನನ್ನದೊಂದನ್ನು ಹಿಚುಕಿ ನೋಡಿ, “ಇದು ಹಣ್ಣಲ್ರಿ, ಬರೇ ಸಿಪ್ಪಿ. ರಸಾ ಬತ್ತಿ ಒಳಗ ಗಾಳಿ ತುಂಬೈತಿ. ಅದಕ ತೇಲತೈತಿ” ಎಂದರು. ಹಣ್ಣಿಗೆ ಹೇಳಿದರೋ ನನಗೆ ಹೇಳಿದರೋ ತಿಳಿಯದೆ ನಾನು ಎದೆ ಸೆಟೆಸಿದೆ. “ಪ್ಯಾಟ್ಯಾಗ ಮಂದಿ ತಿನ್ನೂದು ಇದನ್ನರಿ. ಮಂದಿ ತಿನ್ನೂದಽ ಖರೇ ಲಿಂಬಿಹಣ್ಣ” ಎಂದೆ. ದನಿಗಳು ಏರಿದವು. ಬೇಲಿಯಾಚೆ ನೆರೆಯವರ ತಲೆಗಳೂ ಏರಿದವು. ಪ್ರಶಾಂತ ಗಾಡಿಯ ಚಾವಿ ಕೈಗೆ ತೆಗೆದುಕೊಂಡು ಎತ್ತಲೋ ನೋಡುತ್ತ ನಿಂತ.

ಆಗ ಸವಿತಾ ಒಳಗಿನಿಂದ ಹರಳುಪ್ಪಿನ ಚೀಲ ತಂದಳು. ಯಾರನ್ನೂ ಕೇಳಲಿಲ್ಲ. ಬೊಗಸೆಬೊಗಸೆಯಾಗಿ ಪಾತೇಲಿಗೆ ಸುರಿದು, ಕಟ್ಟಿಗೆಯ ಹುಟ್ಟಿನಿಂದ ತಿರುವತೊಡಗಿದಳು. ನಾವಿಬ್ಬರೂ ಜಗಳ ಮರೆತು ಬಗ್ಗಿದೆವು. ಮೊದಲು ಏನೂ ಆಗಲಿಲ್ಲ. ಮತ್ತೆ ಉಪ್ಪು, ಮತ್ತೆ ತಿರುವು. ಬರುಬರುತ್ತ ತಳದಲ್ಲಿದ್ದ ಒಂದು ಹಣ್ಣು ಮಿಸುಕಿತು, ನಿಧಾನವಾಗಿ ಮೇಲೆದ್ದಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಬೀಗರ ಹಣ್ಣುಗಳೆಲ್ಲ ಮೇಲೆ ಬಂದು ನನ್ನವುಗಳ ಜೊತೆ ಬೆರೆತವು. ಯಾವುದು ಯಾರದೆಂದು ಗುರುತು ಸಿಗದಂತಾಯಿತು. ನಾನು ಸಣ್ಣ ಹುಡುಗನ ಹಾಗೆ ಚಪ್ಪಾಳೆ ತಟ್ಟಿದೆ. ಗುರುಪಾದಪ್ಪನವರು “ಉಪ್ಪ ಹಾಕಿದ್ದು ಲೆಕ್ಕಕ್ಕಿಲ್ಲವ್ವಾ” ಎಂದು ಮಗಳಿಗೆ ಹೇಳುತ್ತಿದ್ದರು. ಆ ಹುಡುಗಿ ಹುಟ್ಟು ಕೆಳಗಿಟ್ಟು, ಕೈ ಒರೆಸಿಕೊಂಡು, “ಮಾವಾರ, ನಿಮ್ದೂ ತೇಲ್ಯಾವು, ಅಪ್ಪಂದೂ ತೇಲ್ಯಾವು. ಈಗ ಜವಳಿ ತೆಗಿಯೂದು ಯಾವತ್ತ ಅಂತ ಹೇಳ್ರಿ” ಎಂದಳು.

ಮೊದಲು ನಕ್ಕದ್ದು ಕಸ್ತೂರಿ. ಆಮೇಲೆ ಬೀಗಿತ್ತಿ. ಆಮೇಲೆ ಬೇಲಿಯಾಚೆಯ ತಲೆಗಳು. ಕಡೆಗೆ ಗುರುಪಾದಪ್ಪನವರು ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತೇಬಿಟ್ಟರು. ಜವಳಿಗೆ ಬುಧವಾರ ಎಂದು ಗೊತ್ತು ಮಾಡಿದೆವು. ಅಷ್ಟು ಉಪ್ಪು, ಅಷ್ಟು ಹಣ್ಣು ಹಾಳು ಮಾಡುವುದೇಕೆಂದು ಬೀಗಿತ್ತಿ ಅದನ್ನೆಲ್ಲ ಉಪ್ಪಿನಕಾಯಿಗೆ ಹೊಂದಿಸಿದರು. ಮರುದಿನ ಮುಂಜಾನೆ ಮೊಬೈಲಿನಲ್ಲಿ ಗುಲಾಬಿ ಅರಳಿತು. ನಾನು ದಾಸವಾಳವನ್ನು ಒಂದಲ್ಲ, ಒಂದು ಮಾಲೆಯನ್ನೇ ಕಳಿಸಿದೆ.

ಇಲ್ಲಿಗೆ ನಾನು ಪಾಠ ಕಲಿತೆ ಎಂದು ಬರೆದರೆ ಕಸ್ತೂರಿ ಓದಿ ನಗುತ್ತಾಳೆ. ಮದುವೆಯಲ್ಲಿ ನಮ್ಮ ಕಡೆ ಮದುಮಗನ ಕೈಗೆ ಕಟಾರಿ ಕೊಡುತ್ತಾರೆ, ಅದರ ತುದಿಗೆ ಚುಚ್ಚುವುದು ಲಿಂಬೆಹಣ್ಣು. ಅದನ್ನು ನೋಡಿದ್ದೇ ನನ್ನ ಜೀವ ತಡೆಯದಾಯಿತು. ಪೇಟೆಯ ಹಣ್ಣೋ, ತೋಟದ ಹಣ್ಣೋ? ಮಂತ್ರ ನಡೆದಿತ್ತು, ಅಕ್ಷತೆ ಬೀಳುತ್ತಿತ್ತು, ನನ್ನ ಕಣ್ಣು ಕಟಾರಿಯ ತುದಿಯಲ್ಲೇ ಇತ್ತು. ಎಲ್ಲ ಮುಗಿದು ಮಗ ಕಟಾರಿಯನ್ನು ನನ್ನ ಕೈಗೆ ಕೊಟ್ಟದ್ದೇ ತಡ, ಹಣ್ಣು ಕಿತ್ತುಕೊಂಡು ಪಾತ್ರೆ ತೊಳೆಯುವ ಕಡೆಗೆ ನಡೆದೆ. ಅಲ್ಲಿ ನೀರಿನ ಡ್ರಮ್ಮಿನ ಪಕ್ಕ ಗುರುಪಾದಪ್ಪನವರು ಜರಿ ರುಮಾಲು ಸುತ್ತಿಕೊಂಡು ನಿಂತಿದ್ದರು. “ಬರ್ರಿ ಬೀಗರ, ತಡಾ ಮಾಡಿದ್ರಿ” ಎಂದರು. ಹಣ್ಣು ಬಿಟ್ಟೆವು. ಮೊದಲು ತೇಲಿತು. ಕಟಾರಿ ಚುಚ್ಚಿದ ತೂತಿನಿಂದ ಗುಳ್ಳೆ ಬಂದವು, ಆಮೇಲೆ ಮೆಲ್ಲಗೆ ಮುಳುಗಿತು. “ತೇಲಿದ್ದು ಮೊದಲು” ಎಂದೆ. “ಕಡೀಕ ಎಲ್ಲಿ ಐತಿ ನೋಡ್ರಿ” ಎಂದರು. ತೂತು ಬಿದ್ದ ಹಣ್ಣು ಲೆಕ್ಕಕ್ಕಿಲ್ಲ ಎಂದು ಕೊನೆಗೆ ಇಬ್ಬರೂ ಒಪ್ಪಿದೆವು. ಲಿಂಬೆಹಣ್ಣಿನ ವಿಷಯದಲ್ಲಿ ನಾವಿಬ್ಬರೂ ಒಪ್ಪಿದ ಮೊದಲ ಮಾತು ಅದು.

ಮದುವೆಯ ಆಲ್ಬಮ್ಮಿನಲ್ಲಿ ಎರಡೂ ಮನೆಯವರು ನಿಂತ ದೊಡ್ಡ ಫೋಟೋ ಇದೆ. ಬಬಲೇಶ್ವರದ ನಾದಿನಿ ಇದ್ದಾಳೆ, ಬಿಜ್ಜರಗಿಯ ನೆಂಟರಿದ್ದಾರೆ, ಯಾರೆಂದೇ ತಿಳಿಯದ ಇಬ್ಬರೂ ಇದ್ದಾರೆ. ಮದುಮಕ್ಕಳ ಅಪ್ಪಂದಿರು ಮಾತ್ರ ಇಲ್ಲ. ನಾವು ಸಿಗುವುದು ಮುಂದಿನ ಪುಟದಲ್ಲಿ, ನಮ್ಮನ್ನು ಹುಡುಕಿಕೊಂಡು ಬಂದ ಫೋಟೋದವನು ಹಿಂದಿನಿಂದ ತೆಗೆದದ್ದು. ಒಂದು ಜರಿ ರುಮಾಲು, ಒಂದು ಬೋಳು ತಲೆ, ಡ್ರಮ್ಮಿನ ಮೇಲೆ ಬಾಗಿದ ಎರಡು ಬೆನ್ನು. ಸೊಸೆ ಅದಕ್ಕೆ ಕಟ್ಟು ಹಾಕಿಸಿ ತಂದು ಅಂಗಡಿಯಲ್ಲಿ ನನ್ನ ತಲೆಯ ಮೇಲೇ ತೂಗುಹಾಕಿದ್ದಾಳೆ. ತೆಗೆಯುವ ಧೈರ್ಯ ನನಗಿಲ್ಲ, ಮನೆಯಲ್ಲಿ ಹರಳುಪ್ಪಿನ ಚೀಲ ಈಗ ಅವಳ ಕೈಯಲ್ಲಿದೆ. ಗುಮ್ಮಟ ನೋಡಿ ಬಂದ ಪ್ರವಾಸಿಗರು ನೆರಳಿಗೆ ನಿಂತು ಈಗ ಗಾರೆಯ ಸುದ್ದಿ ಕೇಳುವುದಿಲ್ಲ. ಫೋಟೋ ತೋರಿಸಿ, ಇವರಿಬ್ಬರೂ ಯಾರು, ಡ್ರಮ್ಮಿನಲ್ಲಿ ಏನು ಹುಡುಕುತ್ತಿದ್ದಾರೆ ಎಂದು ಕೇಳುತ್ತಾರೆ.

ನಾನು ತಲೆ ತಗ್ಗಿಸಿ ಬಾಂಡೆ ಒರೆಸುತ್ತ, “ನನಗ ಗೊತ್ತಿಲ್ರಿ” ಎನ್ನುತ್ತೇನೆ.