ಮೊಮ್ಮಗಳ ಮೆರವಣಿಗೆಗೆ ಕಟ್ಟಿದ ಸ್ಪೀಕರು

ಸಂತೋಷ ಹೆಚ್ಚಾದಾಗ ಮನುಷ್ಯ ಕೈಕಟ್ಟಿ ಕೂಡಬೇಕು. ನನ್ನಿಂದ ಅದು ಆಗುವುದಿಲ್ಲ. ಮೊಮ್ಮಗಳು ಹುಟ್ಟಿದಾಗ ಬಸವಕಲ್ಯಾಣದ ನಮ್ಮ ಓಣಿಗೆಲ್ಲ, ಸಿಕ್ಕವರನ್ನು ಗಂಟೆಗಟ್ಟಲೆ ನಿಲ್ಲಿಸಿಕೊಂಡು ಕೂಸನ್ನು ವರ್ಣಿಸುತ್ತ, ಪೇಢೆ ಹಂಚಿದೆ. ಎದುರುಮನೆಯವರಿಗೆ ಮರೆತು ಎರಡು ಸಲ ಕೊಟ್ಟೆ; ಅವರೂ ಮರೆತವರಂತೆ ಎರಡು ಸಲ ತೆಗೆದುಕೊಂಡರು. ಓದಿದ್ದು ನಾಲ್ಕನೇ ಇಯತ್ತೆಯಾದರೂ ಕೂಸಿನ ಹೆಸರನ್ನು ಬೈಕಿನ ಟ್ಯಾಂಕಿನ ಮೇಲೆ ನಾನೇ ಬರೆದೆ. ಅಷ್ಟಕ್ಕೇ ನಿಲ್ಲಬೇಕಿತ್ತು. ಸೊಸೆ ಹುಮನಾಬಾದಿನ ತವರಿನಿಂದ ಕೂಸನ್ನು ಮೊದಲ ಸಲ ನಮ್ಮ ಮನೆಗೆ ಕರೆತರುವ ದಿನ ಗೊತ್ತಾದಾಗ, "ನೀವು ಜೀಪಿನಾಗ ಬರ್ರಿ, ಮುಂದ ನನ್ನ ಗಾಡಿ ಹಾಡು ಹಚ್ಕೊಂಡು ಹೊಂಟಿರ್ತದ" ಎಂದು ಬೀಗರಿಗೆ ಫೋನಿನಲ್ಲಿ ಮಾತು ಕೊಟ್ಟುಬಿಟ್ಟೆ. ಹ್ಯಾಂಡಲ್ಲಿಗೆ ಸ್ಪೀಕರು, ಪೆನ್‌ಡ್ರೈವ್ ಚುಚ್ಚುವ ಒಂದು ಡಬ್ಬಿ, ಎಲ್ಲ ಕೂಡಿಸಿದೆ.

ಆ ದಿನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಹುಮನಾಬಾದಿನ ಕಾಳಿನ ಮಾರ್ಕೆಟ್ಟಿನ ಹತ್ತಿರ ಹಾಡು ಕೆಮ್ಮಿತು, ನಿಂತೇ ಹೋಯಿತು. ಹನ್ನೆರಡರೊಳಗೆ ಕೂಸು ತವರಿನ ಹೊಸ್ತಿಲು ದಾಟಿ ಹೊರಡಬೇಕೆಂದು ಬೀಗರ ಮನೆಯ ಹಿರಿಯರ ಕಟ್ಟಪ್ಪಣೆ. ರಿಪೇರಿ ಅಂಗಡಿ ಬಾಗಿಲು ಹಾಕಿತ್ತು. ಡಬ್ಬಿಗೆ ಒಂದು ಬಾರಿಸಿದೆ, ಊದಿದೆ, ವೈರು ಎಳೆದು ನೋಡಿದೆ.

"ಟೈಮ್ ಆಗಾಕತ್ತದ್ರಿ. ಕೂಸಿನ್ನ ಕರಿಯಾಕ ಬಂದೀರೋ, ಡಬ್ಬಿ ಬಿಚ್ಚಾಕ ಬಂದೀರೋ?" ಎಂದಳು ಹೆಂಡತಿ.

"ಸುಮ್ಕಿರು. ಮಾತು ಕೊಟ್ಟೀನಿ."

ಅವಳು ಬಗ್ಗಿ ಮೂಸಿದಳು. "ಇದ್ಯಾಕ್ರಿ ಉಪ್ಪಿನಕಾಯಿ ವಾಸನಿ ಬರಾಕತ್ತದ?"

ಹೊಸ ಡಬ್ಬಿಗೆ ಓಣಿಯವರ ದೃಷ್ಟಿ ತಾಗೀತೆಂದು ಅದರ ಮೇಲೇ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟಿದ್ದೆ. ಹಾಡು ತೊದಲಿದಾಗಲೆಲ್ಲ ದೃಷ್ಟಿ ಜೋರಿದೆಯೆಂದು ಇನ್ನೊಂದು ಹಣ್ಣು ಸೇರಿಸಿದ್ದೆ. ರಸವೆಲ್ಲ ಇಳಿದು ಪೆನ್‌ಡ್ರೈವ್ ಚುಚ್ಚುವ ಬಾಯಿಗೆ ಹಸಿರು ಕಿಲುಬು ಹಿಡಿದಿತ್ತು.

"ಚೊಲೋ ಆತು. ಒಂದೀಟು ಉಪ್ಪು ಹಾಕಿ ಬಿಸಿಲಿಗಿಡ್ರಿ" ಎಂದಳು.

ಅವಳ ಹೇರ್‌ಪಿನ್ನು ಇಸಿದುಕೊಂಡು ಕಿಲುಬು ಕೆರೆದೆ. ಮೊದಲು ಚಾವಿ ಬಂದ್ ಮಾಡಬೇಕಿತ್ತು, ಅವಸರದಲ್ಲಿ ಮರೆತೆ. ಚಟ್ಟನೆ ಕಿಡಿ ಹಾರಿ ಡಬ್ಬಿಯ ದೀಪ ಆರಿತು. ಹಾರ್ನ್ ಒತ್ತಿದೆ, ಅದೂ ಸತ್ತಿತ್ತು. ಫ್ಯೂಸ್ ಹೋಗಿತ್ತು. ಪುಣ್ಯಕ್ಕೆ ಕಿಕ್ ಹೊಡೆದರೆ ಇಂಜಿನ್ ಎದ್ದಿತು.

ಹನ್ನೆರಡಕ್ಕೆ ಇನ್ನೇನು ಸ್ವಲ್ಪವೇ ಉಳಿದಾಗ ಬೀಗರ ಮನೆ ಮುಟ್ಟಿದೆವು. ಕೂಸು ಆಗಲೇ ಜೀಪಿನಲ್ಲಿ ತಾಯಿಯ ತೊಡೆಯ ಮೇಲಿತ್ತು. ಬೀಗರು ನನ್ನ ಬೈಕಿಗೊಂದು ಪ್ರದಕ್ಷಿಣೆ ಹಾಕಿ, "ಬೀಗರ, ಬಾಜಾ ಎಲ್ಲದ್ರಿ? ಹಿಂದಿನ ಗಾಡ್ಯಾಗ ಬರಾಕತ್ತದೇನು?" ಎಂದರು. ನಾನು ಹಲ್ಲು ಕಿರಿದೆ. "ಅದಕ್ಕ ಇನ್ನಾ ಉಪ್ಪು ಹಿಡೀಬೇಕ್ರಿ" ಎಂದಳು ನನ್ನ ಹೆಂಡತಿ.

ತಲೆ ತಗ್ಗಿಸಿಕೊಂಡು ಮುಂದೆ ಹೊರಟೆ. ಊರು ದಾಟಿದೊಡನೆ ರಸ್ತೆ ತುಂಬ ಎಮ್ಮೆಗಳು. ಹಾರ್ನಿಲ್ಲ, ಹಿಂದೆ ಜೀಪು. "ಸರೀರೋ! ನನ್ನ ಮೊಮ್ಮಗಳು ಬರಾಕತ್ತಾಳ!" ಎಂದು ಒದರಿದೆ. ಎಮ್ಮೆಗಳು ಸರಿದವು. ಮುಂದೆ ಕಬ್ಬಿನ ಟ್ರ್ಯಾಕ್ಟರಿಗೆ ಒದರಿದೆ, ನಿಂತ ಆಟೋಗೆ ಒದರಿದೆ, ಕೊನೆಗೆ ಅಡ್ಡ ಯಾರೂ ಇಲ್ಲದ ಕಡೆಯೂ ಒದರತೊಡಗಿದೆ. ತಿರುಗಿ ನೋಡಿದರೆ ಬೀಗರು ಜೀಪಿನಿಂದ ಅರ್ಧ ಮೈ ಹೊರಗೆ ಹಾಕಿ, "ಬರಾಕತ್ತಾಳ!" ಎಂದು ದನಿಗೂಡಿಸುತ್ತಿದ್ದರು.

ಮನೆ ಮುಟ್ಟಿದಾಗ ನನ್ನ ಗಂಟಲು ಪೂರ್ತಿ ಕೂತಿತ್ತು. ಆರತಿ ಹಿಡಿದು ನಿಂತ ಓಣಿಯವರಿಗೆ ಮೊಮ್ಮಗಳನ್ನು ವರ್ಣಿಸಲು ಬಾಯಿ ತೆರೆದೆ. ಬರೀ ಗಾಳಿ ಬಂತು. ಹೆಂಡತಿ ಕೂಸನ್ನು ಎತ್ತಿಕೊಂಡು, "ಇವರು ಎರಡು ದಿನ ಮಾತಾಡಂಗಿಲ್ರಿ. ಎಲ್ಲಾರೂ ಆರಾಮ ಬಂದು ನೋಡ್ಕೊಂಡು ಹೋಗ್ರಿ" ಎಂದಳು.

ಓಣಿಯ ಜನ ಅಷ್ಟು ಖುಷಿಯಿಂದ ನಮ್ಮ ಮನೆಗೆ ಬಂದದ್ದನ್ನು ನಾನು ಎಂದೂ ನೋಡಿರಲಿಲ್ಲ.