ಹೊಂಗೆ ಮರದ ಡಬ್ಬಿ

ಪಾರ್ಕಿನಲ್ಲಿ ಒಂದು ಡಬ್ಬಿ ಬಚ್ಚಿಟ್ಟು ಬಂದವರು ಆಮೇಲೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಬಚ್ಚಿಟ್ಟಿದ್ದೆ. ಅಂದಿನಿಂದ ಏನಾದರೊಂದು ಆಗುತ್ತಲೇ ಇತ್ತು.

ಈ ಹವ್ಯಾಸದ ಹೆಸರು ಜಿಯೋಕ್ಯಾಶಿಂಗ್. ಒಬ್ಬರು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಗುರುತು ಪರಿಚಯವಿಲ್ಲದವರು ಫೋನ್ ಹಿಡಿದು ಹುಡುಕಿಕೊಂಡು ಬರುತ್ತಾರೆ. ಸಿಕ್ಕರೆ ಒಳಗಿನ ಪುಟ್ಟ ಪುಸ್ತಕದಲ್ಲಿ ಸಹಿ ಹಾಕಿ, ಡಬ್ಬಿಯನ್ನು ಅಲ್ಲೇ ಇಟ್ಟು ಹೋಗುತ್ತಾರೆ. ಅಷ್ಟೇ. ಬಹುಮಾನ ಇಲ್ಲ. ವಿಜಯನಗರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ, ಮದುವೆಯಾಗದ, ಐವತ್ತೆರಡು ವರ್ಷದ ಹೆಂಗಸಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಕೇಳಬೇಡಿ. ಬೇರೆಯವರು ಕೇಳಿ ಆಗಿದೆ.

ಭಯಕ್ಕೆ ಕಾರಣ ಮೊದಲೇ ಹೇಳಿಬಿಡುತ್ತೇನೆ. ಡಬ್ಬಿ ಇಟ್ಟದ್ದು ಬಸವೇಶ್ವರನಗರದಲ್ಲಿ, ನಮ್ಮ ಮನೆ ಎದುರಿನ ಪಾರ್ಕಿನಲ್ಲಿ. ಆ ಪಾರ್ಕಿನ ವಾಕರ್ಸ್ ಅಸೋಸಿಯೇಷನ್ ಅಧ್ಯಕ್ಷೆ ನನ್ನ ಮನೆ ಓನರಮ್ಮ. ಹನ್ನೊಂದು ವರ್ಷದಿಂದ ಅವರ ಮಹಡಿ ಮನೆಯಲ್ಲಿದ್ದೇನೆ. ಗಾಳಿ, ಬೆಳಕು, ಕಾವೇರಿ ನೀರು, ಒಂಟಿ ಹೆಂಗಸಿಗೆ ಬಾಡಿಗೆ ಕೊಡುವ ಮನಸ್ಸು, ಈ ನಾಲ್ಕೂ ಒಂದೇ ವಿಳಾಸದಲ್ಲಿ ಸಿಗುವ ಸಂಭವ ಎಷ್ಟು ಎಂದು ನನಗೆ ಗೊತ್ತು. ಪಾರ್ಕಿನಲ್ಲಿ ಐಸ್‌ಕ್ರೀಮ್ ಚಮಚ ಬಿಸಾಡಿದರೆಂದು ಕೆಳಗಿನ ಮನೆಯವರನ್ನು ಖಾಲಿ ಮಾಡಿಸಿದವರು ಈ ಓನರಮ್ಮ. ಅದು ಚಮಚ. ನನ್ನದು ಡಬ್ಬಿ.

ಅನುಮತಿ

ವೆಬ್‌ಸೈಟಿಗೆ ಹಾಕುವ ಮೊದಲು ಜಾಗದವರ ಒಪ್ಪಿಗೆ ಇದೆಯೇ ಎಂದು ಕೇಳುತ್ತಾರೆ. ಓನರಮ್ಮನನ್ನು ಕೇಳುವ ಧೈರ್ಯ ಇರಲಿಲ್ಲ. ಪಾರ್ಕಿನ ಮಾಲಿಯನ್ನು ಕೇಳಿದೆ.

"ಡಬ್ಬಿ ಒಳಗೆ ಏನೈತೆ ಮೇಡಂ?"

"ಒಂದು ಪುಸ್ತಕ, ಒಂದು ಪೆನ್ಸಿಲ್."

"ಯಾರಿಗೆ?"

"ಹುಡುಕಿಕೊಂಡು ಬರೋರಿಗೆ."

"ಅವ್ರು ಯಾರು?"

"ಗೊತ್ತಿಲ್ಲಪ್ಪ."

ಮಾಲಿ ಪೈಪನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಬಂದೋರ ಕೈಗೆ ನೀವೇ ಕೊಟ್ಬಿಟ್ರೆ ಆಗಲ್ವಾ?"

ಹುಡುಕುವುದೇ ಆಟ ಎಂದು ವಿವರಿಸಿದೆ. ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ಹೀಗೆಲ್ಲ ಆಗುತ್ತದೆ ಎಂಬ ಕನಿಕರ ಅವರ ಮುಖದಲ್ಲಿ ಕಾಣುತ್ತಿತ್ತು.

"ಹೊಂಗೆ ಮರದ ಬೇರಲ್ಲಿ ಒಂದು ತೂತೈತೆ, ಅಲ್ಲಿ ಇಟ್ಕೊಳಿ. ನಾನು ಹೂಂ ಅಂದೆ ಅಂತ ಮಾತ್ರ ಯಾರ ಹತ್ರಾನೂ ಹೇಳ್ಬೇಡಿ."

ಅರ್ಜಿಯಲ್ಲಿ 'ಲಿಖಿತ ಅನುಮತಿಯೇ, ಮೌಖಿಕವೇ?' ಎಂದು ಕೇಳಿದ್ದರು. 'ಮೌಖಿಕ, ರಹಸ್ಯ' ಎಂದು ಬರೆದೆ.

ಕಿವಿಯೋಲೆ

ಡಬ್ಬಿಗೆ ಕಪ್ಪು ಟೇಪು ಸುತ್ತಿ, ಬೆಳಗಿನ ವಾಕಿಂಗಿಗೆ ಹೋದವಳ ಹಾಗೆ ಹೋಗಿ, ಹೊಂಗೆ ಮರದ ಹಿಂದೆ ಬಗ್ಗಿದೆ. ಬೆಂಗಳೂರಿನಲ್ಲಿ ಅಪಘಾತವಾಗಿ ಬಿದ್ದರೆ ಜನ ನೋಡಿಕೊಂಡು ಹೋಗಬಹುದು. ಆದರೆ ನೆಲ ತಡಕಾಡುವವರನ್ನು ಮಾತ್ರ ಯಾರೂ ಬಿಟ್ಟು ಹೋಗುವುದಿಲ್ಲ.

"ಏನ್ ಬೀಳಿಸ್ಕೊಂಡ್ರಿ?" ಹಿಂದಿನಿಂದ ಒಬ್ಬ ಆಂಟಿಯ ದನಿ.

ಬಾಯಿಗೆ ಬಂದದ್ದು ಹೇಳಿದೆ. "ಓಲೆ."

"ಅಯ್ಯೋ, ಚಿನ್ನದ್ದಾ?"

ಇಲ್ಲ ಎನ್ನಬೇಕಿತ್ತು. ಹೂಂ ಅಂದುಬಿಟ್ಟೆ. ಐದು ನಿಮಿಷದಲ್ಲಿ ಹನ್ನೊಂದು ಜನ ಸೇರಿದರು. ಲಾಫಿಂಗ್ ಕ್ಲಬ್‌ನವರು ನಗುವುದನ್ನು ಅರ್ಧಕ್ಕೆ ನಿಲ್ಲಿಸಿ ಬಂದರು. ಒಬ್ಬ ಹಿರಿಯರು ಹುಲ್ಲನ್ನು ನಾಲ್ಕು ಭಾಗ ಮಾಡಿ ಒಂದೊಂದು ಭಾಗಕ್ಕೆ ಇಬ್ಬರು ಮೂವರನ್ನು ಹಚ್ಚಿದರು. ನನ್ನ ಡಬ್ಬಿ ಬೇರಿನ ತೂತಿನಲ್ಲಿತ್ತು. ಅದಕ್ಕೆ ಬೆನ್ನು ಕೊಟ್ಟು ನಾನು ಅಲುಗಾಡದೆ ನಿಂತೆ. ಓನರಮ್ಮ ದೂರದಿಂದ ಬೀಸುನಡಿಗೆಯಲ್ಲಿ ಬರುವುದು ಕಂಡಿತು. ಬಂದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾವ ಕಿವಿದು ಮೇಡಂ?"

"ಎಡದ್ದು."

"ಎರಡೂ ಕಿವಿಲೇ ಇದೆಯಲ್ರೀ!"

ಹನ್ನೊಂದು ಜನ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡರು. ಯಾರೂ ಬೈಯಲಿಲ್ಲ. ಒಬ್ಬರು ಮಾತ್ರ ಓನರಮ್ಮನ ಹತ್ತಿರ ಮೆಲ್ಲಗೆ, "ಇವ್ರು ಮನೇಲಿ ಗ್ಯಾಸ್ ಆಫ್ ಮಾಡ್ತಾರಾ, ಸ್ವಲ್ಪ ನೋಡ್ಕೊಳಿ" ಎಂದರು.

ಪೊಲೀಸರು

ಹುಡುಕುವವರು ಬರತೊಡಗಿದರು. ಒಂದು ದಿನ ಕೆಂಗೇರಿ ಕಡೆಯ ಇಬ್ಬರು ಹುಡುಗರು ಫೋನ್ ಹಿಡಿದು ಮರ ಸುತ್ತುತ್ತಿದ್ದರು. ನಾನು ಪಕ್ಕದ ಕಲ್ಲುಬೆಂಚಿನ ಮೇಲೆ ಪೇಪರ್ ಓದುತ್ತಿದ್ದೆ. ನನ್ನ ಡಬ್ಬಿಯನ್ನು ಬೇರೆಯವರು ಹುಡುಕುವುದನ್ನು ಕದ್ದು ನೋಡುವ ಸುಖ ಬೇರೆ. ಅದು ಎರಡು ನಿಮಿಷ ಇತ್ತು. ಆಮೇಲೆ ಬೀಟಿಗೆ ಬಂದ ಇಬ್ಬರು ಪೊಲೀಸರು ಗೇಟಿನ ಹತ್ತಿರ ಬೈಕ್ ನಿಲ್ಲಿಸಿ ಒಳಗೆ ಬಂದರು.

"ಏನ್ರೋ ಹುಡುಕ್ತಾ ಇದೀರಾ?"

"ಡಬ್ಬಿ ಸಾರ್."

"ಯಾರದು?"

"ಗೊತ್ತಿಲ್ಲ ಸಾರ್."

"ಒಳಗೇನಿದೆ?"

"ಅದೂ ಗೊತ್ತಿಲ್ಲ ಸಾರ್. ಸಿಕ್ಕಿದ್ರೆ ಸೈನ್ ಹಾಕಿ ಹೋಗ್ತೀವಿ."

ಇಷ್ಟು ಪ್ರಾಮಾಣಿಕವಾದ, ಇಷ್ಟು ಅಪಾಯಕಾರಿಯಾದ ಉತ್ತರವನ್ನು ನಾನು ಪರೀಕ್ಷೆಯ ಪೇಪರಿನಲ್ಲೂ ಕಂಡಿಲ್ಲ. ಇನ್ನೊಬ್ಬ ಹುಡುಗ ಪಿಸುಗುಟ್ಟಿದ, "ಮಗಾ, ಬಾಯ್ ಮುಚ್ಕೊಂಡಿರೋ."

ಪೊಲೀಸರು ನನ್ನ ಕಡೆ ತಿರುಗಿದರು. "ಮೇಡಂ, ಇವ್ರು ನಿಮಗೇನಾದ್ರೂ ತೊಂದ್ರೆ ಕೊಟ್ರಾ?"

ಆ ಕ್ಷಣ ಎದ್ದು ನಿಂತು ಡಬ್ಬಿ ನನ್ನದು ಅನ್ನಬಹುದಿತ್ತು. ಆದರೆ ಓನರಮ್ಮ ಮೂರನೇ ರೌಂಡಿನಲ್ಲಿದ್ದರು. "ಇಲ್ಲ" ಎಂದೆ. ಪೇಪರು ತಲೆಕೆಳಗಾಗಿತ್ತು.

ಅಷ್ಟರಲ್ಲಿ ಒಬ್ಬನ ಕೈಗೆ ಡಬ್ಬಿ ಸಿಕ್ಕಿತು. ತೆರೆದು ತೋರಿಸಿದ. ಪೊಲೀಸರು ಪುಸ್ತಕದ ಪುಟ ತಿರುಗಿಸಿ, ಇಷ್ಟಕ್ಕಾ ಎಂಬಂತೆ ಮುಖ ಮಾಡಿ ಹೋದರು.

ಸಂಜೆ ಆ ಹುಡುಗ ವೆಬ್‌ಸೈಟಿನಲ್ಲಿ ಬರೆದಿದ್ದ: 'ಜಾಗ ಚೆನ್ನಾಗಿದೆ. ಪೊಲೀಸರು ಒಳ್ಳೆಯವರು. ಬೆಂಚಿನ ಮೇಲೆ ಒಬ್ಬ ಆಂಟಿ ಕೂತಿರ್ತಾರೆ, ಅವರ ಮೇಲೆ ಒಂದು ಕಣ್ಣಿಡಿ.'

ಮಾಟ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಓನರಮ್ಮ ಬಾಗಿಲು ಬಡಿದರು.

"ಮೇಡಂ, ಪಾರ್ಕಲ್ಲಿ ಯಾರೋ ಮಾಟ ಮಾಡಿಸಿ ಇಟ್ಟಿದಾರೆ. ಬೇಗ ಬನ್ನಿ."

"ನಾನ್ಯಾಕೆ?"

"ನೀವು ಅದನ್ನೆಲ್ಲ ನಂಬಲ್ವಲ್ಲ. ನಿಮಗೇನೂ ಆಗಲ್ಲ. ಡಬ್ಬಿ ಮುಟ್ಟೋಕೆ ಒಬ್ರು ಬೇಕು."

ನಾಯಿಯೊಂದು ಅದನ್ನು ಬೇರಿನಿಂದ ಎಳೆದು ದಾರಿಯ ಮಧ್ಯೆ ಬಿಟ್ಟಿತ್ತು. ಸುತ್ತ ಇಪ್ಪತ್ತು ಜನ. ಮಾಲಿ ದೂರದಲ್ಲಿ, ಆಗಲೇ ಕೆಸರಾಗಿದ್ದ ಪಾತಿಗೆ ಮತ್ತೆ ನೀರು ಬಿಡುತ್ತಿದ್ದರು. ನನ್ನ ಡಬ್ಬಿಯನ್ನು ನಾನೇ, ಜೀವನದಲ್ಲಿ ಮೊದಲ ಸಲ ನೋಡುವವಳ ಹಾಗೆ ತೆರೆದೆ.

ಬಂದವರು ಒಳಗೆ ಸಣ್ಣಪುಟ್ಟ ಸಾಮಾನು ಬಿಟ್ಟು ಹೋಗುವುದು ಈ ಆಟದ ಪದ್ಧತಿ. ಮೊದಲು ಬಂದದ್ದು ಕೈ ಮುರಿದ ಪ್ಲಾಸ್ಟಿಕ್ ಗೊಂಬೆ.

"ನೋಡ್ರೀ, ಬಲಗೈ! ನಮ್ಮತ್ತೆಗೂ ಬಲಗೈಯೇ ಹಿಡ್ಕೊಂಡಿರೋದು" ಎಂದರು ಗುಂಪಿನಲ್ಲೊಬ್ಬರು.

ಆಮೇಲೆ ಹೇರ್‌ಕ್ಲಿಪ್. ಅದರಲ್ಲಿ ಎರಡು ಕೂದಲು. ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಕೊನೆಗೆ ಪುಸ್ತಕ. ಕೊಚ್ಚಿಯಿಂದ ಬಂದಿದ್ದವರು ಯಾರೋ ತಮ್ಮ ಭಾಷೆಯಲ್ಲೇ ಎರಡು ಸಾಲು ಬರೆದು ಸಹಿ ಹಾಕಿದ್ದರು.

"ಮಲಯಾಳ! ಕೇರಳದಲ್ಲೇ ಮಾಡಿಸಿದಾರೆ ಕಣ್ರೀ!"

ಗುಂಪು ಹುಲ್ಲಿನವರೆಗೆ ಹೋಯಿತು.

"ಯಾರು ಇಟ್ಟಿದ್ದು ಅಂತ ಗೊತ್ತಾಗ್ಲಿ" ಎಂದರು ಓನರಮ್ಮ. "ಅವ್ರನ್ನ ಈ ಏರಿಯಾದಲ್ಲೇ ಇರೋಕೆ ಬಿಡಲ್ಲ."

ಲಗ್ಗೆರೆಯಿಂದ ಒಬ್ಬ ಸ್ವಾಮಿಗಳನ್ನು ಕರೆಸಿದ್ದರು. ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ ತೆಗೆದು, ರುದ್ರಾಕ್ಷಿ ಸರಿ ಮಾಡಿಕೊಂಡು ಕಣ್ಣು ಮುಚ್ಚಿದರು.

"ಇಟ್ಟೋಳು ಹೆಂಗಸು."

ಎರಡರಲ್ಲಿ ಒಂದು. ಯಾರು ಬೇಕಾದರೂ ಹೇಳಬಹುದು.

"ಓದಿದೋಳು."

ಬಸವೇಶ್ವರನಗರದಲ್ಲಿ ಓದದವರನ್ನು ಹುಡುಕುವುದೇ ಕಷ್ಟ. ಆದರೂ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟೆ.

"ಪಾಠ ಹೇಳೋಳು. ಇಲ್ಲೇ ನಿಂತಿದಾಳೆ."

ಇದಕ್ಕೆ ನನ್ನ ಹತ್ತಿರ ಲೆಕ್ಕ ಇರಲಿಲ್ಲ. ಇಷ್ಟು ವರ್ಷ ಕಲಿಸಿದ ಸಂಖ್ಯಾಶಾಸ್ತ್ರವೆಲ್ಲ ತಲೆಯಿಂದ ಇಳಿದು ಹೋಯಿತು.

"ಮೂರು ಗಂಡು ಮಕ್ಕಳ ತಾಯಿ."

ವಿಜ್ಞಾನದ ಮೇಲೆ ನಂಬಿಕೆ ಮರಳಿ ಬಂತು. ಉಸಿರೂ ಬಂತು.

ಆದರೆ ಅಷ್ಟೂ ಜನ ನನ್ನ ಪಕ್ಕದಲ್ಲಿದ್ದ ರಿಟೈರ್ಡ್ ಟೀಚರ್ ಕಡೆ ತಿರುಗಿದರು. ಹತ್ತು ವರ್ಷದಿಂದ ನನ್ನ ಜೊತೆ ವಾಕ್ ಮಾಡುವವರು. ಅವರಿಗೆ ಮೂರು ಗಂಡು ಮಕ್ಕಳು.

"ನಾನಾ? ನನಗೆ ಮಲಯಾಳ ಎಲ್ಲಿ ಬರತ್ತೆ? ನಾನು ಹಿಂದಿ ಟೀಚರ್ ಕಣ್ರೀ!"

"ಒಂದು ಕಲಿತೋರಿಗೆ ಇನ್ನೊಂದು ಬರಲ್ವಾ?" ಎಂದರು ಯಾರೋ.

ಟೀಚರ್ ಅಳುತ್ತ ಬೆಂಚಿನ ಕೆಳಗೆ ಬಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಲು ನೋಡಿದರು. ಕಾಲು ಎಷ್ಟು ನಡುಗುತ್ತಿತ್ತೆಂದರೆ ಚಪ್ಪಲಿ ಸಿಗಲಿಲ್ಲ. ನಾನು ಒಮ್ಮೆ ಎದುರಿಗಿದ್ದ ನಮ್ಮ ಮಹಡಿಯ ಕಿಟಕಿ ನೋಡಿದೆ. ಒಳ್ಳೆಯ ಕಿಟಕಿ.

"ಆ ಡಬ್ಬಿ ನನ್ನದು" ಎಂದೆ.

ಯಾರೂ ನಂಬಲಿಲ್ಲ.

"ಸುಮ್ನಿರಿ ಮೇಡಂ, ಫ್ರೆಂಡು ಅಂತ ನಿಮ್ಮ ಮೇಲೆ ಹಾಕ್ಕೋಬೇಡಿ" ಎಂದರು ಓನರಮ್ಮ. "ನಂಬದೇ ಇರೋರು ಮಾಟ ಹೇಗ್ರೀ ಮಾಡಿಸ್ತಾರೆ?"

ಈ ತರ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಫೋನ್ ತೆಗೆದು ವೆಬ್‌ಸೈಟ್ ತೋರಿಸಿದೆ. ಹೊಂಗೆ ಮರ, ಕಪ್ಪು ಟೇಪಿನ ಡಬ್ಬಿ, ಫೋನಿನಲ್ಲಷ್ಟೇ ಇದ್ದ, ಅದನ್ನು ಹಿಡಿದ ನನ್ನ ಫೋಟೊ, ಬಂದು ಹೋದವರ ಪಟ್ಟಿ. ಓನರಮ್ಮ ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿದರು. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಮೂಡಲಪಾಳ್ಯದಲ್ಲಿ ಕತ್ತಲೆ ಮನೆಯೊಂದನ್ನು ನೋಡಿ ಬಂದಿದ್ದೆ.

ಓನರಮ್ಮ ಸ್ವಾಮಿಗಳ ಕಡೆ ತಿರುಗಿದರು. "ಇವ್ರದೇ ಅಂತೆ ಸ್ವಾಮಿ. ಆದ್ರೆ ಇವ್ರಿಗೆ ಮಕ್ಕಳೇ ಇಲ್ವಲ್ಲ? ಮದುವೇನೇ ಆಗಿಲ್ಲ."

ಸ್ವಾಮಿಗಳು ಸ್ವಲ್ಪವೂ ಅಲುಗಾಡಲಿಲ್ಲ. "ಈಗಾಗಲೇ ಹುಟ್ಟಿದಾರೆ ಅಂತ ನಾನು ಹೇಳಿದ್ನೇನಮ್ಮಾ? ಮುಂದೆ ಹುಟ್ತಾರೆ." ಹೆಲ್ಮೆಟ್ ಹಾಕಿಕೊಂಡು ಹೊರಟರು.

ಜನ ಒಬ್ಬೊಬ್ಬರಾಗಿ ಚದುರಿದರು. ಟೀಚರ್ ಮಾತ್ರ ನನ್ನ ಕೈ ಹಿಡಿದುಕೊಂಡೇ ನಿಂತಿದ್ದರು. ಓನರಮ್ಮ ಹತ್ತಿರ ಬಂದರು.

"ಮನೆ ಖಾಲಿ ಮಾಡಿ ಅಂತ ಬಾಯಿಗೇ ಬಂದಿತ್ತು ಮೇಡಂ. ಆದ್ರೆ ಮೂರು ಗಂಡು ಮಕ್ಕಳು ಹುಟ್ಟಬೇಕಾದ ಮನೆ. ನಾನು ಹೇಗೆ ಬಿಡಿಸ್ಲಿ? ಪಾಪ ಸುತ್ಕೊಳತ್ತೆ. ಇರಿ."

ಇದ್ದೇನೆ. ಡಬ್ಬಿ ತೆಗೆದು, ವೆಬ್‌ಸೈಟಿನಿಂದಲೂ ಅಳಿಸಿದೆ. ಐವತ್ತೆರಡರಲ್ಲಿ ಮೂರು ಗಂಡು ಮಕ್ಕಳಾಗುವ ಸಂಭವ ಎಷ್ಟು ಎಂದು ನನಗೆ ಚೆನ್ನಾಗಿ ಗೊತ್ತು. ಆದರೆ ಆ ಮನುಷ್ಯ ಅದಕ್ಕೆ ಮೊದಲು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಈಗ ಮಾವಿನಕಾಯಿ ಉಪ್ಪು ಖಾರ ಹಾಕಿ ತಿನ್ನಬೇಕು ಅನ್ನಿಸಿದರೂ ಹೆದರಿಕೆಯಾಗುತ್ತದೆ.